ಗೊತ್ತಿಲ್ಲದ ಗುಡ್ಡೆ

ದೇವರು ಜಾಲಿಮರಕ್ಕೆ ಮುಳ್ಳು ಕೊಟ್ಟ. ಮುಳ್ಳು ಸಾಲದು, ಮನುಷ್ಯ ಕೊಡಲಿ ತರುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ಅಂಟನ್ನೂ ಕೊಟ್ಟ. ತೊಗಟೆ ಸೀಳಿದ ಕಡೆ ಮರ ಒಸರುತ್ತದೆ. ಒಸರಿದ್ದು ಗಾಳಿಗೆ ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ಇಷ್ಟು ದೇವರ ಕೆಲಸ. ಮುಚ್ಚಿದ್ದನ್ನು ಕಿತ್ತು, ಚೀಲಕ್ಕೆ ತುಂಬಿ, ಮಾರುವುದು ನಮ್ಮ ಧಣಿಯ ಕೆಲಸ. ಇಬ್ಬರನ್ನೂ ಒಂದೇ ಉಸಿರಿನಲ್ಲಿ ನೆನೆದದ್ದಕ್ಕೆ ದೇವರು ನನ್ನನ್ನು ಕ್ಷಮಿಸಲಿ.

ನಾವು ಅಂಟು ಆರಿಸುವವರು. ಗೋದಾಮಿನ ಸಿಮೆಂಟು ನೆಲದ ಮೇಲೆ, ಗೋಡೆಯುದ್ದಕ್ಕೂ ಸಾಲಾಗಿ ಕೂರುತ್ತೇವೆ. ಎಲ್ಲರೂ ಹೆಂಗಸರು, ಎಲ್ಲರೂ ಕೆಳಗಿನ ಓಣಿಯವರು. ಎದುರಿಗೆ ಮೊರ. ಬಲಕ್ಕೆ ಒಳ್ಳೆಯದರ ಬುಟ್ಟಿ, ಎಡಕ್ಕೆ ಕೆಟ್ಟದ್ದರ ಬುಟ್ಟಿ. ಮಡಚಿದ ಮಂಡಿ ಮಧ್ಯಾಹ್ನದ ಹೊತ್ತಿಗೆ ನಮ್ಮದಲ್ಲ ಅನ್ನಿಸುತ್ತದೆ. ಒಣಗಿದ ಅಂಟು ಗಾಜಿನ ಹಾಗೆ ಒಡೆಯುತ್ತದೆ, ಗಾಜಿನ ಹಾಗೆಯೇ ಕುಯ್ಯುತ್ತದೆ. ಉಗುರಿನ ಸಂದಿಗೆ ಚೂರು ಹೊಕ್ಕು ಕೀವಾಗದ ಹೆಂಗಸು ಆ ಸಾಲಿನಲ್ಲಿಲ್ಲ. ಪುಡಿ ಹಾರಿ ಮೂಗಿನಲ್ಲಿ ಕೂರುತ್ತದೆ. ಉಸಿರಿನ ಹಸಿಗೆ ಅಲ್ಲೇ ಕರಗಿ ಅಲ್ಲೇ ಒಣಗುತ್ತದೆ. ಸಂಜೆ ಹೊತ್ತಿಗೆ ತುಟಿಗೆ ತುಟಿ ಅಂಟಿರುತ್ತದೆ. ಮನೆಗೆ ಹೋಗಿ ಮಗುವಿನ ಮುಖ ನೋಡಿ ನಕ್ಕರೆ ಬಾಯಿಯ ಕೊನೆ ಒಡೆದು ರಕ್ತ ಬರುತ್ತದೆ.

ಕಣ್ಣಿಗೆ ಕಾಣುವ ಕೆಟ್ಟದ್ದನ್ನು ತೆಗೆಯುವುದು ಸುಲಭ. ತೊಗಟೆ, ಮರಳು, ಹಕ್ಕಿಯ ಹಿಕ್ಕೆ. ಕಷ್ಟವಿರುವುದು ಕಾಣದ ಕೆಟ್ಟದ್ದರಲ್ಲಿ. ಬೇರೆ ಮರಗಳೂ ಅಂಟು ಬಿಡುತ್ತವೆ. ಅದೇ ಜೇನಿನ ಬಣ್ಣ, ಅದೇ ಹೊಳಪು. ತಂದು ಹಾಕುವವರು ಚೀಲದ ನಡುವೆ ಅದನ್ನು ಬೆರೆಸಿರುತ್ತಾರೆ. ನೀರಿಗೆ ಹಾಕಿದರೆ ಮಾತ್ರ ಬಂಡವಾಳ ಬಯಲಾಗುತ್ತದೆ. ಜಾಲಿಯಂಟು ಗುರುತೂ ಉಳಿಯದಂತೆ ಕರಗುತ್ತದೆ. ಆ ಇನ್ನೊಂದು ಕರಗುವುದಿಲ್ಲ, ಕುಡಿದು ಕುಡಿದು ಉಬ್ಬುತ್ತದೆ. ಆದರೆ ಪ್ರತಿ ಹರಳನ್ನೂ ನೀರಿಗೆ ಹಾಕಿ ನೋಡುತ್ತ ಹೋದರೆ ಮಾರಲು ಉಳಿಯುವುದೇನು? ಧಣಿ ಒಬ್ಬ ಲ್ಯಾಬಿನವನನ್ನು ಇಟ್ಟುಕೊಂಡಿದ್ದಾನೆ. ಅವನು ಚೀಲಕ್ಕೊಂದು ಚಮಚ ತೆಗೆದು ನೋಡಿ, ಈ ಚೀಲದಲ್ಲಿ ಬೆರಕೆಯಿದೆ ಎನ್ನುತ್ತಾನೆ. ಸರಿ, ಇದೆ. ಯಾವ ಹರಳು ಎಂದು ಯಾರು ಹೇಳಬೇಕು?

ಅದಕ್ಕೆ ನಾವು. ಅನುಮಾನ ಬಂದ ಹರಳನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತೇವೆ. ಜಾರಿ ಕರಗಿ ಏನೂ ರುಚಿಯಿಲ್ಲದಿದ್ದರೆ ಒಳ್ಳೆಯದು. ಒದ್ದೆ ಬಟ್ಟೆಯ ಚೂರಿನ ಹಾಗೆ ಕೂತರೆ ಬೇರೆ ಮರದ್ದು. ನಾಲಿಗೆ ಹಿಡಿದರೆ ತೊಗಟೆಯ ಒಗರು ಇಳಿದದ್ದು. ಬೆಳಗಿನಿಂದ ಸಂಜೆಯವರೆಗೆ ಇದೇ. ಮುಟ್ಟಿಸು, ತೆಗೆ, ಹಾಕು. ಹೊಸಬರಿಗೆ ವಾರದೊಳಗೆ ನಾಲಿಗೆ ಬಿರಿಯುತ್ತದೆ. ಆಮೇಲೆ ದಪ್ಪಗಾಗುತ್ತದೆ. ಮನೆಯ ಸಾರಿಗೆ ಉಪ್ಪು ಹಾಕಿದ್ದೀಯೋ ಇಲ್ಲವೋ ಎಂದು ಗಂಡ ಕೇಳಿದರೆ ನಮಗೇ ಗೊತ್ತಿರುವುದಿಲ್ಲ.

ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಆ ಸಾಲಿಗೆ ಹಿರಿಯಳು. ಒಳ್ಳೆಯ ಹರಳು ಸಿಕ್ಕಾಗಲೆಲ್ಲ "ಸಪ್ಪೆ" ಎಂದು ಬಲಕ್ಕೆ ಹಾಕುತ್ತಿದ್ದಳು. ಸಪ್ಪೆ, ಸಪ್ಪೆ, ಒಗರು, ಸಪ್ಪೆ. ಜಪ ಮಾಡಿದ ಹಾಗೆ. ಅವಳಿಗೆ ಸಪ್ಪೆಕ್ಕ ಎಂದೇ ಹೆಸರಾಯಿತು. ಅವಳು ಮಾತ್ರ ಸಪ್ಪೆಯಾಗಿರಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ನಾಲಿಗೆ ದಾಟಿ ಹೋದ ಈ ಅಂಟು ಎಲ್ಲಿಗೆ ಹೋಗುತ್ತದೆ? ಮಕ್ಕಳ ಕೆಮ್ಮಿನ ಔಷಧಕ್ಕೆ. ಗುಳಿಗೆಯ ಮೇಲಿನ ಹೊಳಪಿಗೆ. ಮಿಠಾಯಿಗೆ. ಲಕೋಟೆಯ ಅಂಚಿಗೆ, ಅಲ್ಲಿ ದೊಡ್ಡ ದೊಡ್ಡವರು ಮತ್ತೊಮ್ಮೆ ನಾಲಿಗೆ ಸವರುತ್ತಾರೆ. ಇನ್ನು ಗೋದಾಮಿನ ನೀರಿನ ವಿಷಯ ಕೇಳಿ. ಒಳಗೆ ಆಫೀಸಿನ ಬಾಗಿಲಲ್ಲಿ ತಣ್ಣೀರಿನ ಹಂಡೆ, ಮೇಲೆ ಮುಚ್ಚಳ, ಪಕ್ಕದಲ್ಲಿ ತೊಳೆದ ಗಾಜಿನ ಲೋಟಗಳು. ಅದು ನಮಗಲ್ಲ. ನಮಗೆ ಹೊರಗೋಡೆಯ ನಲ್ಲಿ, ಖಾಲಿ ಚೀಲ ತೊಳೆಯುವ ಜಾಗದಲ್ಲಿ. ಚಹಾ ಕುಡಿಯಲು ಮೊಳೆಗೆ ತೂಗುಹಾಕಿದ ತಗಡಿನ ಲೋಟ. ಧಣಿ ನಮ್ಮ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಮೇಜಿನ ಮೇಲೆ ಇಡಬೇಕು, ನಾವು ಹಿಂದೆ ಸರಿಯಬೇಕು, ಆಮೇಲೆ ಅವನು ಎತ್ತಿಕೊಳ್ಳಬೇಕು. ನಮ್ಮ ಲೋಟ ಮುಟ್ಟದವನು ನಮ್ಮ ಎಂಜಲನ್ನು ಚೀಲಗಟ್ಟಲೆ ತುಂಬಿ ಊರಿಗೆಲ್ಲ ತಿನ್ನಿಸುತ್ತಾನೆ. ಅವನ ಮೊಮ್ಮಕ್ಕಳೂ ಮಿಠಾಯಿ ಚೀಪುತ್ತವೆ. ಚೆನ್ನಾಗಿರಲಿ ಮಕ್ಕಳು. ಅವಕ್ಕೇನು ಗೊತ್ತು?

ಆ ವರ್ಷ ಬೇಸಿಗೆ ಜೋರಾಗಿತ್ತು. ತಗಡಿನ ಚಾವಣಿಯ ಕೆಳಗೆ ಅಂಟು ಸಿಡಿಯುವ ಸದ್ದು ಕೇಳುತ್ತಿತ್ತು. ಒಳಗಿನ ಹಸಿ ಆರಿದಂತೆ ಹರಳಿನ ಮೈಮೇಲೆ ಕೂದಲೆಳೆಯಂಥ ಬಿರುಕು ಬಿದ್ದು ಬಿಳಿಚಿಕೊಳ್ಳುತ್ತಿತ್ತು. ಚೀಲದ ತೂಕ ಇಳಿಯಿತು. ಧಣಿ ತಕ್ಕಡಿಯ ಮುಂದೆ ನಿಂತು ನಮ್ಮ ಬಾಯಿಗಳನ್ನು ನೋಡಿದ.

ಲ್ಯಾಬಿನವನನ್ನು ನಾವು ಗಾಜಿನಯ್ಯ ಎನ್ನುತ್ತಿದ್ದೆವು. ಕಣ್ಣಿಗೆ ಗಾಜು, ಕೈಯಲ್ಲಿ ಗಾಜು, ಗಟ್ಟಿಯಾಗಿ ಮಾತಾಡಿಸಿದರೆ ಒಡೆದುಹೋಗುವ ಗಂಡಸು. ಅವನು ಮೆಲ್ಲಗೆ ಹೇಳಿದ:

"ಧಣಿ, ಬಿಸಿಲಿಗೆ ನೀರಿನಂಶ ಹೋಗತ್ತೆ. ತೂಕ ಇಳಿಯೋದು ಅದಕ್ಕೇ ಇರಬಹುದು."

"ಇರಬಹುದು ಅಂತ ಹೇಳೋಕೆ ನಿನಗೆ ಸಂಬಳ ಕೊಡ್ತಿದ್ದೀನಾ? ಇವರು ತಿಂತಿದ್ದಾರೆ. ಹಿಡಿಯೋ ದಾರಿ ಹೇಳು."

ಗಾಜಿನಯ್ಯ ದಾರಿ ಹೇಳಿದ. ಅವನಿಗೆ ಆ ದಾರಿ ಗೊತ್ತಿತ್ತು, ಅದೇ ಅವನ ದುರದೃಷ್ಟ. ಜಾಲಿಯಂಟು ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ಅಂಟು ಕರಗಿದ ನೀರನ್ನು ಸ್ಪಿರಿಟ್ಟಿಗೆ ಹಾಕಿದರೆ ಹಾಲು ಒಡೆದಂತೆ ಬಿಳಿ ಎಳೆ ಎದ್ದು ನಿಲ್ಲುತ್ತದೆ. ಸರಿ, ಸಂಜೆ ಬಾಗಿಲ ಬಳಿ ಒಂದು ಮೇಜು ಬಂತು. ಮೇಜಿನ ಮೇಲೆ ಗಾಜಿನ ಕೊಳವೆಗಳು. ನಾವು ಒಬ್ಬೊಬ್ಬರಾಗಿ ಬಾಯಿ ಮುಕ್ಕಳಿಸಿ ಕೊಳವೆಗೆ ಉಗುಳಬೇಕು. ಆಮೇಲೆ ಬಾಯಿ ಅಗಲಿಸಿ ನಿಲ್ಲಬೇಕು. ಮೇಸ್ತ್ರಿ ಟಾರ್ಚು ಬಿಟ್ಟು ದವಡೆಯ ಸಂದಿ ನೋಡುತ್ತಿದ್ದ. ದನದ ವಯಸ್ಸು ನೋಡುವವರು ಹಲ್ಲು ನೋಡುವಾಗ ಇನ್ನೊಂದು ಕೈಯಿಂದ ಗಂಗೆದೊಗಲನ್ನಾದರೂ ನೇವರಿಸುತ್ತಾರೆ.

ಎಲ್ಲರ ಉಗುಳೂ ಬೆಳ್ಳಗಾಯಿತು.

ಬೆಳ್ಳಗಾಗದೆ ಇನ್ನೇನು? ಹಗಲೆಲ್ಲ ನಾಲಿಗೆಗೆ ಅಂಟು ಮುಟ್ಟಿಸಲು ಕೂರಿಸಿ, ಸಂಜೆ ನಾಲಿಗೆಯಲ್ಲಿ ಅಂಟಿದೆಯೇ ಎಂದು ಹುಡುಕುವುದು. ನೇಗಿಲು ಹೊಡೆಸಿ ಕಾಲಿಗೆ ಮಣ್ಣು ಹೇಗೆ ಬಂತು ಎಂದು ಕೇಳಿದ ಹಾಗೆ. ಇಂಥ ಬುದ್ಧಿ ಬಡವರಿಗೆ ಬರುವುದಿಲ್ಲ. ಅದಕ್ಕೆ ಒಳ್ಳೆಯ ಊಟ, ಮೆತ್ತನೆಯ ಕುರ್ಚಿ ಬೇಕು.

ಧಣಿ ಕೊಳವೆಗಳ ಸಾಲನ್ನು ನೋಡಿದ. ಎಲ್ಲರನ್ನೂ ಓಡಿಸಿದರೆ ಚೀಲ ಆರಿಸುವವರಿಲ್ಲ. ಅದನ್ನು ಲೆಕ್ಕ ಹಾಕಲು ಅವನಿಗೆ ಗಾಜು ಬೇಕಾಗಲಿಲ್ಲ.

"ಎಲ್ಲರೂ ತಿಂದಿದ್ದೀರಿ. ಆದ್ರೆ ನಾನು ಕರುಣೆ ಇರೋನು" ಎಂದ. ಅವನ ಬೆರಳು ಸಾಲಿನ ಮೇಲೆ ಹರಿದು ಸಪ್ಪೆಕ್ಕನ ಸೊಸೆಯ ಮೇಲೆ ನಿಂತಿತು. ಎಲ್ಲರಿಗಿಂತ ಹೊಸಬಳು, ಬಾಣಂತನ ಮುಗಿಸಿ ಆಗಷ್ಟೇ ಕೆಲಸಕ್ಕೆ ಬಂದವಳು. "ಇವಳು ಹಾಲೂಡಿಸೋಳು. ಮೈ ಕೇಳತ್ತೆ. ಇವಳೇ ಜಾಸ್ತಿ ತಿಂದಿರೋದು."

"ಇಲ್ಲ ಧಣಿ, ನಾನು..."

"ಬಾಯಿ ಮುಚ್ಚಬೇಡ. ತೆಗಿ. ಹಾಗೇ ನಿಂತಿರು."

ಅವಳನ್ನು ಬಾಗಿಲ ಪಕ್ಕ ಬಾಯಿ ತೆರೆದು ನಿಲ್ಲಿಸಿದರು. ನಾವೆಲ್ಲ ಅವಳ ಮುಂದೆ ಹಾದು ಹೋಗಬೇಕಿತ್ತು. ಲಾರಿಯ ಹಮಾಲರು ನಕ್ಕರು. ಜೊಲ್ಲು ಗಲ್ಲಕ್ಕೆ ಇಳಿಯಿತು, ಒರೆಸಿಕೊಳ್ಳಲು ಕೈ ಎತ್ತಿದರೆ ಮೇಸ್ತ್ರಿ ಕೋಲಿನಿಂದ ಕೈ ತಗ್ಗಿಸಿದ. ಎದೆಯ ಹಾಲು ಒಸರಿ ರವಿಕೆ ಒದ್ದೆಯಾಗಿತ್ತು. ಮಗುವಿಗೆ ಹಾಲೂಡಿಸುವ ಹೊತ್ತು ಅದು. ಕೊನೆಗೆ ಧಣಿ ಹೇಳಿದ: "ನಾಳೆಯಿಂದ ಬರಬೇಡ. ಕಳ್ಳಿ ಅಂತ ಎಲ್ಲ ಗೋದಾಮಿಗೂ ಹೇಳಿ ಕಳಿಸ್ತೀನಿ."

ಹೇಳಿಯೂ ಕಳಿಸಿದ. ನಮ್ಮ ಊರಲ್ಲಿ ಹೆಂಗಸರಿಗೆ ಇರುವ ಕೆಲಸ ಅಂಟಿನದೊಂದೇ. ಕಳ್ಳಿ ಎಂಬ ಒಂದು ಮಾತು ಸಾಕು, ಎಲ್ಲ ಬಾಗಿಲೂ ಮುಚ್ಚಿಕೊಳ್ಳುತ್ತವೆ.

ಅಂದು ಸಂಜೆ ನಾನು ಅವರ ಮನೆಗೆ ಹೋದೆ. ಒಂದೇ ಕೋಣೆ. ಒಲೆಯ ಮುಂದೆ ಸಪ್ಪೆಕ್ಕ, ಮೂಲೆಯಲ್ಲಿ ಸೊಸೆ. ಮಗು ಹಾಲು ಕುಡಿಯುತ್ತಿತ್ತು. ಅದಕ್ಕೆ ಯಾರ ಭಯವೂ ಇರಲಿಲ್ಲ.

"ಚಿಕ್ಕತ್ತೆ, ಓಣಿಯವರೆಲ್ಲ ಏನಂತಿದ್ದಾರೆ?" ಸೊಸೆ ನನ್ನನ್ನು ಕೇಳಿದಳು.

"ಏನಂತಾರೆ? ಧಣಿ ಬಾಯಲ್ಲಿ ಹುಳ ಬೀಳ್ಲಿ ಅಂತಿದ್ದಾರೆ."

"ಅತ್ತೆ ಮಾತೇ ಆಡ್ತಿಲ್ಲ. ನಾನು ತಿಂದೆ ಅಂದ್ಕೊಂಡಿದ್ದಾರಾ?"

ಸಪ್ಪೆಕ್ಕ ಒಲೆಗೆ ಊದುತ್ತಲೇ ಹೇಳಿದಳು: "ತಿಂದಿದ್ದೀಯ ಕಣೆ."

ಸೊಸೆಯ ಮುಖ ಬಿಳಿಚಿತು.

"ನಾನೂ ತಿಂದಿದ್ದೀನಿ. ಇವಳೂ ತಿಂದಿದ್ದಾಳೆ. ನಿಮ್ಮಮ್ಮ ತಿಂದಿದ್ದಳು, ಅವಳ ನಾಲಿಗೆ ಕಡೆಗೆ ಬೆಲ್ಲಕ್ಕೂ ಬೇವಿಗೂ ವ್ಯತ್ಯಾಸ ಹೇಳ್ತಿರಲಿಲ್ಲ. ಕೈ ಕೊಟ್ಟಿದ್ದೀವಿ, ಅದಕ್ಕೆ ಕೂಲಿ. ನಾಲಿಗೇನೂ ಕೊಟ್ವಿ, ಅದನ್ನ ಯಾರೂ ಕೇಳಿ ತಗೊಂಡಿರಲಿಲ್ಲ, ನಾವೂ ಅಳೆದು ಕೊಟ್ಟಿರಲಿಲ್ಲ. ಈಗ ಅದನ್ನೇ ಕಳ್ಳಿ ಅಂದ." ಅವಳು ನನ್ನ ಕಡೆ ತಿರುಗಿದಳು. "ಏನೇ, ನಿನ್ನ ದೇವರು ಏನಂತಾನೆ? ಯಾವಾಗಲೂ ಅವನ ಹತ್ರ ಗುಸುಗುಸು ಮಾಡ್ತಿರ್ತೀಯಲ್ಲ."

"ಕೇಳಿಲ್ಲ ಅಕ್ಕ."

"ಕೇಳಬೇಡ ಬಿಡು. ಅವನು ಆಗಲೇ ಹೇಳಿದಾನೆ. ಬಾಯಿಗೆ ಎರಡು ತುಟಿ ಯಾಕಿಟ್ಟ? ಮುಚ್ಚೋಕೆ."

ಆ ರಾತ್ರಿ ನಾನು ಪ್ರಾರ್ಥನೆಗೆ ಕೂತಾಗ ಅವಳ ಮಾತೇ ಬಾಯಿಗೆ ಬಂತು. ದೇವರಿಗೆ ಬೇಜಾರಾಗಿರಲಾರದು.

ಮರುದಿನ ಇಡೀ ಸಾಲು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿತು. ಹಳೆಯ ಬಟ್ಟೆ, ಮೂಗಿನಿಂದ ಗಲ್ಲದವರೆಗೆ, ಹಿಂದೆ ಗಟ್ಟಿ ಗಂಟು. ಇದನ್ನು ನೋಡಿ ಧಣಿಗೆ ಹಿಡಿಸಲಾರದಷ್ಟು ಸಂತೋಷ. ಅವನ ಬಳಿ ಬಿಳಿ ಬಟ್ಟೆಯ ಒಂದು ಕಟ್ಟೇ ಇತ್ತು. ಹೊರಗಿನ ಕಂಪನಿಯವರು ನೋಡಲು ಬರುವ ದಿನ ಮಾತ್ರ ಪೆಟ್ಟಿಗೆಯಿಂದ ತೆಗೆದು ಬಾಯಿಗೆ ಕಟ್ಟಿಸುತ್ತಿದ್ದ. ಅವರು ಹೋದ ಕೂಡಲೇ ಬಿಚ್ಚಿಸಿ, ಎಣಿಸಿ, ಒಗೆಸಿ, ಮತ್ತೆ ಪೆಟ್ಟಿಗೆಗೆ.

"ನೋಡಿದ್ಯಾ ಮೇಸ್ತ್ರಿ? ಒಬ್ಬಳನ್ನ ಓಡಿಸಿದ್ದಕ್ಕೆ ಶಿಸ್ತು ತಾನಾಗೇ ಬಂತು."

ಶಿಸ್ತು ಬಂದಿತ್ತು. ನಾವು ತಲೆ ಬಗ್ಗಿಸಿ ಆರಿಸಿದೆವು. ಖಂಡಿತ ಒಳ್ಳೆಯದು ಅನ್ನಿಸಿದ್ದು ಬಲಕ್ಕೆ. ಖಂಡಿತ ಕೆಟ್ಟದ್ದು ಎಡಕ್ಕೆ. ಅನುಮಾನದ್ದು ನಡುವೆ, ನೆಲದ ಮೇಲೆ. ಮಧ್ಯಾಹ್ನ ಮೇಸ್ತ್ರಿ ಬಂದು ಆ ರಾಶಿಯನ್ನು ಕಾಲಿನಿಂದ ತೋರಿಸಿದ.

"ಇದ್ಯಾವುದು?"

"ಗೊತ್ತಿಲ್ಲದ್ದು" ಎಂದಳು ಸಪ್ಪೆಕ್ಕ.

"ಗೊತ್ತಿಲ್ಲದ್ದು ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲಪ್ಪ. ಕಣ್ಣಿಗೆ ಗೊತ್ತಾಗಲಿಲ್ಲ."

ಅವನು ತಲೆ ಕೆರೆದುಕೊಂಡು ಹೋದ. ಎಲ್ಲರ ನಡುವಿನ ರಾಶಿಗಳನ್ನೂ ಒಟ್ಟು ಮಾಡಿ ಗೋದಾಮಿನ ಮಧ್ಯೆ ಸುರಿದೆವು. ದಿನ ಕಳೆದಂತೆ ಅದು ಬೆಳೆಯಿತು. ಮೊದಲು ಮಂಡಿಯೆತ್ತರ, ಆಮೇಲೆ ಸೊಂಟದೆತ್ತರ. ಒಳ್ಳೆಯದರ ಚೀಲ ಅರ್ಧವೂ ತುಂಬಲಿಲ್ಲ. ಸಂಜೆ ಬಾಗಿಲಲ್ಲಿ ಉಗುಳಿಸಿದರು. ಈಗಲೂ ಬಿಳಿ ಎಳೆ ಬಂತು, ತೆಳ್ಳಗೆ. ಗಾಳಿಯಲ್ಲಿನ ಪುಡಿ ಯಾರ ಬಟ್ಟೆಗೂ ನಿಲ್ಲುವುದಿಲ್ಲ. ಗಾಜಿನಯ್ಯ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಧಣಿಯ ಕಡೆ ನೋಡಿ, ತೊಳೆದಿಟ್ಟ.

ಒಂದು ಬೆಳಗ್ಗೆ ಔಷಧ ಕಂಪನಿಯಿಂದ ಖರೀದಿಗೆಂದು ಒಬ್ಬ ಹೆಂಗಸು ಬಂದಳು. ಕಂಪನಿಯಮ್ಮ ಎನ್ನೋಣ. ಬಿಳಿ ಕೋಟು, ಸದ್ದಾಗದ ಶೂ. ನಮ್ಮ ಬಾಯಿಬಟ್ಟೆಗಳನ್ನು ಕಂಡು ಮೆಚ್ಚಿದಳು.

"ಚೆನ್ನಾಗಿ ಸ್ವಚ್ಛತೆ ಕಾಪಾಡಿದ್ದೀರಿ."

"ಅದರಲ್ಲಿ ನಾನು ಬಹಳ ಕಟ್ಟುನಿಟ್ಟು ಮೇಡಂ" ಎಂದ ಧಣಿ. ಅಷ್ಟು ಹೊತ್ತು ಅವನ ಮುಖದ ಮೇಲೆ ದೇವರ ಬಿಸಿಲು ಬೀಳುತ್ತಲೇ ಇತ್ತು. ದೇವರ ತಾಳ್ಮೆ ದೊಡ್ಡದು.

ಅವಳು ಗುಡ್ಡೆಯಿಂದ ಒಂದು ಹಿಡಿ ತೆಗೆದು ನೀರಿನ ಲೋಟಕ್ಕೆ ಹಾಕಿ ಕಲಕಿ, ಇಟ್ಟಳು. ಮಾತಾಡುತ್ತ ಒಂದು ಸುತ್ತು ಬಂದು ನೋಡಿದಾಗ ಲೋಟದ ತುಂಬ ಕಪ್ಪೆಯ ಮೊಟ್ಟೆಯಂಥ ಮುದ್ದೆ ನಿಂತಿತ್ತು.

"ಇದರಲ್ಲಿ ಬೆರಕೆ ಇದೆ. ಇದು ಮಕ್ಕಳ ಔಷಧಕ್ಕೆ. ಇಡೀ ಗುಡ್ಡೆ ಬೇರ್ಪಡಿಸಿ ಕೊಟ್ರೆ ಮಾತ್ರ ತಗೋತೀನಿ. ನಾಳೆ ಲಾರಿ ಬರತ್ತೆ. ಹೇಗೆ ಬೇರ್ಪಡಿಸ್ತೀರಿ?"

"ಯಂತ್ರ ಇದೆ ಮೇಡಂ."

ಗಾಜಿನಯ್ಯ ತನ್ನ ಚಪ್ಪಲಿಯನ್ನು ನೋಡಿಕೊಂಡ. ಕಂಪನಿಯಮ್ಮ ಆಫೀಸಿನಲ್ಲಿ ಚಹಾ ಕುಡಿಯಲು ಕೂತಳು. ಯಂತ್ರ ಎಲ್ಲಿದೆ, ತೋರಿಸಿ ಎಂದು ಅವಳು ಕೇಳಲಿಲ್ಲ. ಕೇಳಿದರೆ ಕಾಣಬೇಕಾಗುತ್ತದೆ. ಕೋಟು ಬಿಳಿಯಾಗಿ ಉಳಿಯುವುದು ಹೀಗೆ.

ಧಣಿ ನಮ್ಮ ಸಾಲಿಗೆ ಬಂದ. ದನಿ ತಗ್ಗಿಸಿದ.

"ಬಟ್ಟೆ ಬಿಚ್ಚಿ. ಬೇಗ ಬೇಗ ನಾಲಿಗೆ ಇಟ್ಟು ನೋಡಿ. ಆಕೆಗೆ ಕಾಣೋ ಹಾಗೆ ಬೇಡ. ಆ ಕಡೆ ತಿರುಗಿ ಕೂತ್ಕೊಳ್ಳಿ."

ಯಾರೂ ಗಂಟು ಮುಟ್ಟಲಿಲ್ಲ.

"ಕಿವಿ ಕೇಳಿಸಲ್ವಾ?"

ಸಪ್ಪೆಕ್ಕ ಎದ್ದಳು. ಅವಳು ಏಳುವುದು ನೋಡಲು ಒಂದು ಹೊತ್ತು ಬೇಕು. ಮೊದಲು ಕೈ ನೆಲಕ್ಕೆ, ಆಮೇಲೆ ಒಂದು ಮಂಡಿ, ಇನ್ನೊಂದು ಮಂಡಿ, ಕೊನೆಗೆ ಬೆನ್ನು. ಎದ್ದು ನಿಂತು ಬಾಯಿಯ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿದಳು.

"ನಾಲಿಗೆ ಇಟ್ರೆ ಸಂಜೆ ಉಗುಳು ಬೆಳ್ಳಗಾಗತ್ತೆ ಧಣಿ. ಕಳ್ಳಿ ಆಗ್ತೀನಿ."

"ಇವತ್ತು ಉಗುಳಿಸಲ್ಲ ಹೋಗು."

"ಇವತ್ತಿನದಲ್ಲ ನಾನು ಕೇಳಿದ್ದು. ನನ್ನ ಸೊಸೆನ ಎಲ್ಲರ ಮುಂದೆ ಕಳ್ಳಿ ಅಂದ್ರಿ. ಎಲ್ಲರ ಮುಂದೆ ಅಲ್ಲ ಅನ್ನಿ. ಓಣಿಗೆ ಕೇಳೋ ಹಾಗೆ ಅನ್ನಿ. ಆಮೇಲೆ ನಾಲಿಗೆ ಮಾತು."

"ನಿನಗೆ ನಾನು ಕ್ಷಮೆ ಕೇಳಬೇಕಾ? ಕೆಳಗಿನ ಓಣಿಯೋಳಿಗೆ?"

"ಕ್ಷಮೆ ಯಾಕೆ ಪಾಪ, ಅಷ್ಟು ದೊಡ್ಡ ಮಾತು. ಅವಳು ಕಳ್ಳಿ ಅಲ್ಲ ಅಂದ್ರೆ ಸಾಕು."

ಧಣಿ ಹಲ್ಲು ಕಚ್ಚಿದ. ಆಗ ಸಪ್ಪೆಕ್ಕ ಬಗ್ಗಿ ಗುಡ್ಡೆಯಿಂದ ಒಂದು ಹರಳು ಎತ್ತಿ ಅಂಗೈ ಮೇಲೆ ಇಟ್ಟು ಅವನ ಮುಂದೆ ಚಾಚಿದಳು.

"ಆಗಲ್ವಾ? ಹಾಗಾದ್ರೆ ನೀವೇ ನೋಡಿ. ಕಷ್ಟ ಏನಿಲ್ಲ. ನಾಲಿಗೆ ತುದಿಗೆ ಇಡೋದು. ಸಪ್ಪೆ ಅನ್ನಿಸಿದ್ರೆ ಬಲಕ್ಕೆ. ಬಂದೋರೆಲ್ಲ ಮೂರು ದಿನದಲ್ಲಿ ಕಲಿತಿದ್ದಾರೆ. ನೀವು ಓದಿದೋರು, ಬೇಗ ಬರತ್ತೆ."

ಬೆವರಿದ ಅಂಗೈ. ಉಗುರಿನಲ್ಲಿ ಕಪ್ಪು. ಹರಳು ಅದರ ಮೇಲೆ ಒಳ್ಳೆಯ ಜೇನಿನ ಹನಿಯ ಹಾಗೆ ಹೊಳೆಯುತ್ತಿತ್ತು. ಧಣಿ ಒಂದು ಹೆಜ್ಜೆ ಹಿಂದೆ ಹೋದ. ಅಂಗೈ ಒಂದು ಹೆಜ್ಜೆ ಮುಂದೆ ಬಂತು. ಇಷ್ಟು ವರ್ಷ ನಾವು ಮೇಜಿನಿಂದ ಹಿಂದೆ ಸರಿಯುತ್ತಿದ್ದೆವು. ಅವನು ಸರಿದದ್ದನ್ನು ನಾವು ಅವತ್ತೇ ನೋಡಿದ್ದು.

"ಗಾಜಿನ ಹತ್ತಿರ ಇರೋನೇ, ಬಾ ಇಲ್ಲಿ. ನೀನು ನೋಡು" ಎಂದ.

ಗಾಜಿನಯ್ಯ ಬಂದ. ಹರಳನ್ನು ನೋಡಿದ. ಬಾಗಿಲ ಬಳಿಯ ಮೇಜನ್ನು, ಕೊಳವೆಗಳನ್ನು ನೋಡಿದ. ಜೀವಮಾನದಲ್ಲಿ ಒಂದು ಸಲ ಗಟ್ಟಿಯಾಗಿ ಮಾತಾಡಿದ, ಅದೂ ಹೆದರಿ.

"ಬೇಡ ಧಣಿ. ನನ್ನ ಉಗುಳೂ ಬೆಳ್ಳಗಾಗತ್ತೆ."

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಬಟ್ಟೆಯ ಒಳಗಿನ ನಗು, ಮುಖ ಕಾಣದ ನಗು. ಇಡೀ ಸಾಲು ಅಲುಗಾಡಿತು. ನಾನೂ ನಕ್ಕೆ. ನನ್ನ ಬಾಯಿಯ ಕೊನೆ ಒಡೆದು ಬಟ್ಟೆಗೆ ರಕ್ತ ಹತ್ತಿತು.

"ಹೊರಗೆ!" ಎಂದು ಅರಚಿದ ಧಣಿ. "ಎಲ್ಲರೂ ಹೊರಗೆ! ನೀವಿಲ್ದೆ ನನ್ನ ಗೋದಾಮು ನಡೆಯಲ್ವಾ?"

ನಾವು ಹೋದೆವು. ದೂರವೇನಲ್ಲ. ಹೊರಗೋಡೆಯ ನಲ್ಲಿಯ ಬಳಿ ನೆರಳಿತ್ತು, ಅಲ್ಲಿ ಕೂತೆವು. ಬಾಗಿಲು ಹಾರುಹೊಡೆದಿತ್ತು. ಮುಂದಿನದನ್ನೆಲ್ಲ ಕಣ್ಣಾರೆ ಕಂಡೆವು. ಅದಕ್ಕಾಗಿ ದೇವರಿಗೆ ಇಂದಿಗೂ ಕೈಮುಗಿಯುತ್ತೇನೆ.

ಧಣಿ ಮೊದಲು ಕಂಪನಿಯಮ್ಮನನ್ನು ಸಾಗಹಾಕಿದ. ನಾಳೆಗೆ ಸಿದ್ಧ ಇರತ್ತೆ ಎಂದ. ಆಮೇಲೆ ಮನೆಗೆ ಹೇಳಿ ಕಳಿಸಿದ. ಭಾಮೈದ ಬಂದ, ಅಳಿಯ ಬಂದ, ಅಳಿಯನ ಅಣ್ಣಂದಿರು ಬಂದರು. ಇಸ್ತ್ರಿ ಮಾಡಿದ ಅಂಗಿಯ ಗಂಡಸರು ಗುಡ್ಡೆಯ ಸುತ್ತ ನಿಂತರು. ನಾಲಿಗೆ ಇಡಬೇಕು ಎಂದು ತಿಳಿದಾಗ ಅಳಿಯ ಕೇಳಿದ:

"ಮಾವಾ, ಇದನ್ನ ಆ ಹೆಂಗಸರು ಮುಟ್ಟಿದ್ದಾರಲ್ವಾ?"

"ಆರಿಸಬೇಕಾದ್ರೆ ಮುಟ್ಟದೇ ಇರ್ತಾರಾ?"

"ಬಾಯಿಗೂ ಇಟ್ಟಿದ್ದಾರಾ?"

"ಇದಕ್ಕೆ ಇಟ್ಟಿಲ್ಲ. ಇಟ್ಟಿದ್ರೆ ಈ ಪಾಡು ಯಾಕೆ ಬರ್ತಿತ್ತು!"

"ಆದ್ರೂ ಕೈ..." ಎಂದ ಭಾಮೈದ. "ಅವರು ಮುಟ್ಟಿದ್ದನ್ನ ಹಾಗೇ ಬಾಯಿಗಿಡೋದು ಹೇಗೆ ಭಾವ? ಒಂದು ಸಲ ನೀರು ತೋರಿಸಿಬಿಡೋಣ."

ಗಾಜಿನಯ್ಯ ಬಾಯಿ ತೆರೆದ. "ಧಣಿ, ನೀರು ಬಿದ್ರೆ..."

"ನನಗೆ ಹೇಳ್ಕೊಡ್ತೀಯಾ? ನಾನು ಹುಟ್ಟಿದ್ದೇ ಅಂಟಿನ ಚೀಲದ ಮೇಲೆ. ಸುರಿಯೋದಲ್ಲ, ಚಿಮುಕಿಸೋದು. ಬಿಸಿಲಿದೆ, ಕ್ಷಣದಲ್ಲಿ ಆರತ್ತೆ."

ಅವನಿಗೆ ಗೊತ್ತಿಲ್ಲದ್ದೇನಲ್ಲ. ಜಾಲಿಯಂಟಿಗೆ ನೀರು ಸೋಕಿದರೆ ಏನಾಗುತ್ತದೆ ಎಂದು ಓಣಿಯ ಕೂಸಿಗೂ ಗೊತ್ತು. ಆದರೆ ನಮ್ಮ ಕೈಯ ಮೈಲಿಗೆಯನ್ನು ನೆನೆದಾಗ ಅವನಿಗೆ ಉಳಿದ ವಿದ್ಯೆಯೆಲ್ಲ ಮರೆತುಹೋಯಿತು. ಒಳಗಿನ ಹಂಡೆಯ ನೀರನ್ನೇ ತರಿಸಿದ. ನಮಗೆ ಯಾವತ್ತೂ ಸಿಗದ ತಣ್ಣೀರು. ಭಾಮೈದ ಗಾಜಿನ ಲೋಟದಲ್ಲಿ ಮೊಗೆದು, ಬೆರಳು ಅದ್ದಿ, ಗುಡ್ಡೆಯ ಸುತ್ತ ಚಿಮುಕಿಸಿದ. ಸಾಲದು ಅನ್ನಿಸಿತು. ಇನ್ನೊಂದು ಲೋಟ. ನಡುವಿನ ಹರಳಿಗೆ ತಾಗಲಿಲ್ಲ ಎಂದು ಅಳಿಯ ಕೈಯಿಂದ ಕೆದಕಿದ. ಕೆದಕಿದ ಕಡೆ ಮತ್ತೊಂದು ಲೋಟ. ಶುದ್ಧಿ ಎಂದರೆ ಹೀಗೆಯೇ, ಶುರು ಮಾಡಿದವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಅಳಿಯ ಕೈ ಹೊರಗೆ ತೆಗೆಯಲು ನೋಡಿದ. ಬೆರಳಿಗೆ ಬೆರಳು ಅಂಟಿತ್ತು. ಕೊಡವಿದ. ಕೈಗೆ ಹತ್ತಿದ್ದ ಹರಳುಗಳು ಬೀಳಲಿಲ್ಲ. ಇನ್ನೊಂದು ಕೈಯಿಂದ ಕೀಳಹೋದ, ಅದೂ ಹಿಡಿಯಿತು. ಧಣಿ ಕರ್ಚೀಫು ಕೊಟ್ಟ, ಕರ್ಚೀಫು ಹೋಗಿ ಕೈಯಲ್ಲಿ ಕೂತಿತು.

ಸಪ್ಪೆಕ್ಕ ನಲ್ಲಿಯ ಬಳಿಯಿಂದಲೇ ಕೂಗಿ ಹೇಳಿದಳು: "ಅದು ಒಳ್ಳೆ ಮಾಲು ಧಣಿ! ಅಂಟಿಕೊಂಡಿದ್ದೆಲ್ಲ ಬಲಕ್ಕೆ ಹಾಕಿ!"

ಅವರು ಫ್ಯಾನು ತಂದರು. ಫ್ಯಾನಿನ ಗಾಳಿಗೆ ಮೇಲಿನ ಪದರ ಹೆಪ್ಪುಗಟ್ಟಿತು. ಒಳಗೆ ಕರಗಿದ್ದು ಇಳಿಯುತ್ತ, ಉಬ್ಬಿದ್ದರ ಸುತ್ತ ಸುತ್ತಿಕೊಳ್ಳುತ್ತ ತಳ ಸೇರಿತು. ಮರುದಿನ ಲಾರಿ ಬರುವ ಹೊತ್ತಿಗೆ ಗೋದಾಮಿನ ಮಧ್ಯೆ ಒಂದು ಬಂಡೆಯಿತ್ತು. ಒಳ್ಳೆಯದು, ಕೆಟ್ಟದ್ದು, ಒಗರು, ಮರಳು, ಅಳಿಯನ ಕರ್ಚೀಫು, ಎಲ್ಲ ಒಂದಾದ ಬಂಡೆ. ಇನ್ನು ಅದನ್ನು ಯಾರ ನಾಲಿಗೆಯೂ ಬೇರ್ಪಡಿಸಲಾರದು. ಲಾರಿ ಖಾಲಿ ಹೋಯಿತು. ಮೊಂಡಾದ ಹಾರೆಗಳನ್ನು ಬಾಗಿಲಲ್ಲಿ ಬಿಸಾಡಿದ್ದರು. ಮಕ್ಕಳು ಹೋಗಿ ನೋಡಿಬಂದರು. ಮಿಕ್ಕ ಗೋದಾಮುಗಳವರೂ ನೋಡಲು ಹೋದರಂತೆ, ಸಾವಿನ ಮನೆಗೆ ಹೋದವರ ಹಾಗೆ ಮುಖ ಮಾಡಿಕೊಂಡು. ಗೇಟು ದಾಟಿದ ಮೇಲೆ ನಗು ತಡೆಯಲಾಗದೆ ಒಬ್ಬ ಕೆಮ್ಮಿದನಂತೆ.

ನಾವು ಮನೆಯಲ್ಲೇ ಇದ್ದೆವು. ಒಲೆ ಒಂದು ಹೊತ್ತು ಉರಿಯಿತು, ಒಂದು ಹೊತ್ತು ಉರಿಯಲಿಲ್ಲ. ಅದನ್ನು ಇಲ್ಲಿ ಬಣ್ಣಿಸುವುದಿಲ್ಲ. ಹಸಿದವರ ಕಥೆ ಕೇಳಿ ಕಣ್ಣು ಒರೆಸಿಕೊಳ್ಳುವ ಸುಖವನ್ನು ಹೊಟ್ಟೆ ತುಂಬಿದವರಿಗೆ ಯಾಕೆ ಕೊಡಬೇಕು?

ಗೋದಾಮಿನಲ್ಲಿ ಇನ್ನೂ ಆರಿಸದ ಚೀಲಗಳಿದ್ದವು. ಕಂಪನಿಯವರು ಮತ್ತೊಂದು ಗಡುವು ಕೊಟ್ಟರಂತೆ. ಒಂದು ಮಧ್ಯಾಹ್ನ, ಕೆಂಡದಂಥ ಬಿಸಿಲಿನಲ್ಲಿ, ಧಣಿ ನಮ್ಮ ಓಣಿಗೆ ಬಂದ. ಹುಟ್ಟಿದಾರಭ್ಯ ಬಂದವನಲ್ಲ. ಕಾರು ಓಣಿಯ ಬಾಯಲ್ಲೇ ನಿಂತಿತು, ಒಳಗೆ ಹಿಡಿಸಲಿಲ್ಲ. ನಡೆದುಕೊಂಡು ಬಂದ. ಹಿಂದೆ ಗಾಜಿನಯ್ಯ ಕೊಡೆ ಹಿಡಿದಿದ್ದ. ಎಲ್ಲ ಬಾಗಿಲಲ್ಲೂ ಜನ.

ಸಪ್ಪೆಕ್ಕನ ಮನೆಯ ಮುಂದೆ ನಿಂತು ಕೆಮ್ಮಿದ. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದಳು. ಸಪ್ಪೆಕ್ಕ ಹಿಂದೆ. ನಾನು ಪಕ್ಕದ ಬಾಗಿಲಲ್ಲಿ.

"ಅವಳು ಕಳ್ಳಿ ಅಲ್ಲ" ಎಂದ.

"ಯಾರು?" ಎಂದಳು ಸಪ್ಪೆಕ್ಕ.

"ಇವಳು. ನಿನ್ನ ಸೊಸೆ. ಕಳ್ಳಿ ಅಲ್ಲ. ಎಲ್ಲ ಗೋದಾಮಿಗೂ ಹೇಳಿ ಕಳಿಸ್ತೀನಿ."

ಗಟ್ಟಿಯಾಗಿಯೇ ಹೇಳಿದ. ಓಣಿಯ ಕೊನೆಯವರೆಗೂ ಕೇಳಿಸಿತು. ಇಷ್ಟು ಸುಲಭವಾಗಿ ಹೇಳಿದನಲ್ಲ ಎಂದು ನನಗೆ ಆಶ್ಚರ್ಯ. ಆಮೇಲೆ ಅರ್ಥವಾಯಿತು. ಮಾತು ಅವನ ಬಾಯಿಂದ ಹೊರಗೆ ಹೋಗುವಂಥದ್ದು. ಬಾಯಿಂದ ಹೊರಗೆ ಬಿಡುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ.

ಸೊಸೆಯ ಕಣ್ಣು ತುಂಬಿತು. ಅವಳು ಅತ್ತೆಯ ಕಡೆ ನೋಡಿದಳು.

"ಆಯ್ತಲ್ಲ? ನಾಳೆಯಿಂದ ಎಲ್ಲರೂ ಬನ್ನಿ" ಎಂದ ಧಣಿ.

"ಬಿಸಿಲಲ್ಲಿ ನಡೆದು ಬಂದಿದ್ದೀರಿ" ಎಂದಳು ಸಪ್ಪೆಕ್ಕ. "ತುಟಿ ಒಣಗಿದೆ. ನೀರು ಕುಡಿದು ಹೋಗಿ."

ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಬೆಳಗಿದ ಲೋಟ. ಮನೆಯಲ್ಲಿದ್ದ ಲೋಟಗಳಲ್ಲಿ ಅದೊಂದೇ ಸೊಟ್ಟಗಾಗದೆ ಉಳಿದದ್ದು. ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಅವಳ ಮುಖದಲ್ಲಿ ಕುಹಕವಿರಲಿಲ್ಲ, ದೇವರಾಣೆ ಇರಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡುವಂತೆಯೇ ಕೊಟ್ಟಳು.

ಧಣಿ ಲೋಟವನ್ನು ನೋಡಿದ. ಗಂಟಲ ಗೆಣ್ಣು ಮೇಲೆ ಹೋಗಿ ಕೆಳಗೆ ಬಂತು. ಅವನಿಗೆ ನಿಜವಾಗಿಯೂ ಬಾಯಾರಿತ್ತು. ಗಾಜಿನಯ್ಯ ಕೊಡೆಯ ಕೆಳಗಿನಿಂದ ಲೋಟ, ಧಣಿ, ಲೋಟ ಎಂದು ನೋಡುತ್ತಿದ್ದ. ನಾನು ಮನಸ್ಸಿನಲ್ಲಿ, ಕುಡಿಸಪ್ಪ ದೇವರೇ, ಒಂದು ಗುಟುಕು ಕುಡಿಸು, ಇವನೂ ನೀನು ಮಾಡಿದವನೇ ಅಲ್ಲವೇ ಎಂದೆ.

ಧಣಿಯ ಕುತ್ತಿಗೆ ಕೆಂಪಾಯಿತು. ಕೆನ್ನೆ ಊದಿತು.

"ಏನಂದ್ಕೊಂಡಿದ್ದೀಯಾ?" ಎಂದ. "ನಿನ್ನ ಮನೆ ಬಾಗಿಲಿಗೆ ಬಂದ್ರೆ ಇಷ್ಟು ಸಲಿಗೆಯಾ? ಮಾತು ವಾಪಸ್ ತಗೊಂಡೆ, ಇನ್ನೂ ಏನು ಬೇಕು ನಿಮಗೆ?"

ಸಪ್ಪೆಕ್ಕ ಲೋಟ ಹಿಡಿದೇ ನಿಂತಿದ್ದಳು. ಸೊಸೆ ಮುಂದೆ ಬಂದಳು. ಬಾಯಿ ತೆರೆದು ನಿಂತಿದ್ದ ಆ ಸಂಜೆಯ ಮೇಲೆ ಅವಳು ಹೊರಗಿನವರ ಮುಂದೆ ಬಾಯಿ ತೆರೆದದ್ದು ಅದೇ ಮೊದಲು. ಧಣಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಮೊರದಲ್ಲಿನ ಹರಳನ್ನು ನೋಡುವಂತೆ.

"ಅತ್ತೆ, ನೀರು ತೋರಿಸಿದ್ರಿ" ಎಂದಳು. "ಕರಗಲಿಲ್ಲ. ಉಬ್ಬಿತು."

ಸಪ್ಪೆಕ್ಕ ಲೋಟವನ್ನು ತನ್ನ ತುಟಿಗೆ ಎತ್ತಿ, ನಿಧಾನವಾಗಿ, ಅಷ್ಟನ್ನೂ ಕುಡಿದಳು. ಬಾಯಿ ಒರೆಸಿಕೊಂಡಳು.

"ಹಾಗಾದ್ರೆ ಎಡಕ್ಕೆ ಹಾಕು ಮಗಳೇ" ಎಂದಳು.